ಅತ್ತೆಯ ಕೈಗೆ ಕೊಟ್ಟ ಮಗಳು

"ನಿನ್ನ ಕೈಯಾಗಿನ ನೀರು ನನಗ ಬ್ಯಾಡ. ಇದೇ ಕೈ ನನ್ನ ಮಗನ್ನ ತಿಂದದ."

ಕೌಸಲ್ಯಾಬಾಯಿ ಸೊಸೆ ಚಾಚಿದ ಲೋಟವನ್ನು ಮುಟ್ಟಲಿಲ್ಲ. ತಾನೇ ಕ್ಯಾನಿನ ಹತ್ತಿರ ಸರಿದು ಬಗ್ಗಿಸಿಕೊಂಡು ಗಟಗಟನೆ ಕುಡಿದಳು. ಉಜ್ವಲಾ ಆ ಲೋಟದ ನೀರನ್ನು ಮಗಳು ಆಮ್ರಪಾಲಿಗೆ ಕುಡಿಸಿ, ಒಣಗಿದ ತನ್ನ ತುಟಿಯನ್ನು ಸೆರಗಿನಿಂದ ಒರೆಸಿಕೊಂಡಳು. ಎಕಂಬಾದ ಆ ಮನೆಯಲ್ಲಿ ಉಳಿದಿದ್ದವರು ಈ ಮೂವರೇ. ಊರಲ್ಲೂ ಬೇರೆ ಯಾರ ಮನೆಯಿಂದಲೂ ಹೊಗೆ ಏಳುತ್ತಿರಲಿಲ್ಲ.

ಬೂದಿ ಮಳೆ ಬಂದದ್ದು ಹೋದ ವರ್ಷ. ಯಾವ ದೇಶ ಯಾವ ದೇಶದ ಮೇಲೆ ಏನು ಹಾಕಿತೋ, ಫೋನು ಸತ್ತಿತು, ಕರೆಂಟು ಹೋಯಿತು, ಆಮೇಲೆ ಆಕಾಶದಿಂದ ಕಂದು ನೀರು ಸುರಿಯಿತು. ಬಾವಿ, ಕೆರೆ, ಹೊಳೆ ಎಲ್ಲ ವಿಷವಾದವು. ಅದನ್ನು ಕುಡಿದವರ ಉಗುರು ಮೊದಲು ನೀಲಿಯಾಗುತ್ತಿತ್ತು, ನಂತರ ಕಪ್ಪು. ಆಮೇಲೆ ಕಾಲಿನ ಬಲ ಹೋಗುತ್ತಿತ್ತು, ಕೊನೆಗೆ ಉಸಿರು. ಇದು ಯಾರಿಗೂ ತಿಳಿಯದಿದ್ದ ಮೊದಲ ವಾರದಲ್ಲಿ, ಹೊಲದಿಂದ ಬಳಲಿ ಬಂದ ಗಂಡ ಸಂಘಪಾಲನಿಗೆ ಬಾವಿಯ ನೀರು ಸೇದಿ ಕೊಟ್ಟವಳು ಉಜ್ವಲಾ. ಅವನು ಸತ್ತ ದಿನದಿಂದ ಅತ್ತೆಯ ಬಾಯಲ್ಲಿ ಅದೊಂದೇ ಮಾತು.

ಮಳೆಗೆ ಮುಂಚೆ ಮದುವೆ ಮನೆಗಳಿಗೆಂದು ಸಂಘಪಾಲ ತರಿಸಿಟ್ಟಿದ್ದ ಫಿಲ್ಟರ್ ನೀರಿನ ಕ್ಯಾನುಗಳೇ ಅವರನ್ನು ಇಲ್ಲಿಯವರೆಗೆ ಉಳಿಸಿದ್ದವು. ಈಗ ಇದ್ದದ್ದು ಕೊನೆಯ ಕ್ಯಾನು. ಅದು ಇಬ್ಬರಿಗೆ ಸಾಕಾದೀತು, ಮೂವರಿಗೆ ಸಾಲದು. ಅತ್ತೆ ತನ್ನ ಪಾಲು ಬಿಡುವವಳಲ್ಲ, ಮಗುವಿನ ಪಾಲು ಕಡಿಮೆ ಮಾಡಲು ತಾಯಿಗೆ ಮನಸ್ಸಿಲ್ಲ. ಹೀಗಾಗಿ ಉಜ್ವಲಾ ಯಾರೂ ನೋಡದಾಗ ಹಿತ್ತಲಿಗೆ ಹೋಗಿ ಬಾವಿಯ ನೀರನ್ನೇ ಕುಡಿಯತೊಡಗಿದ್ದಳು. ಬದುಕುವ ಆಸೆ ಬಿಟ್ಟು ಕುಡಿಯಲಿಲ್ಲ. ಮಗಳನ್ನು ಬೀದರ ಮುಟ್ಟಿಸುವಷ್ಟು ದಿನ ಕಾಲು ನಡೆದರೆ ಸಾಕು ಎಂದು ಕುಡಿದಳು.

ಬೀದರಿನ ನೌಬಾದಿನಲ್ಲಿ, ಸುಲ್ತಾನರ ಕಾಲದ ಸುರಂಗ ಬಾವಿಯಲ್ಲಿ, ನೆಲದಾಳದ ನೀರು ಇನ್ನೂ ಕೆಟ್ಟಿಲ್ಲ ಎಂಬ ಸುದ್ದಿ ದಾರಿಹೋಕರಿಂದ ಬಂದಿತ್ತು. ಕ್ಯಾನಿನಲ್ಲಿ ಉಳಿದ ನೀರು ಹೊತ್ತು ಮೂವರೂ ಹೊರಟರು. ಔರಾದ ಪೇಟೆಯಲ್ಲಿ ನಾಯಿಗಳೂ ಇರಲಿಲ್ಲ. ಕೌಠಾದ ಸೇತುವೆಯ ಕೆಳಗೆ ಮಾಂಜ್ರಾ ಹೊಳೆ ಸುಮ್ಮನೆ ಹರಿಯುತ್ತಿತ್ತು, ದಡದಲ್ಲಿ ಮಲಗಿದವರು ಏಳುವಂತಿರಲಿಲ್ಲ. ಉಜ್ವಲಾ ಮಗಳ ಕಣ್ಣಿಗೆ ಸೆರಗು ಮುಚ್ಚಿ ದಾಟಿಸಿದಳು.

"ಅವ್ವಾ, ನಿನಗ ನೀರಡಿಕಿ ಆಗಂಗಿಲ್ಲೇನು?"

"ನಂದು ಆಗ್ಯಾದ, ಕುಡದೀನಿ ಮಗಾ. ನೀ ಕುಡಿ."

ಹಿಂದೆ ಬರುತ್ತಿದ್ದ ಕೌಸಲ್ಯಾಬಾಯಿ ಆಗ ಸೊಸೆಯ ಕೈಯನ್ನು ನೋಡಿದಳು. ಉಜ್ವಲಾ ಬೆರಳುಗಳನ್ನು ಮಡಿಚಿಕೊಂಡಳು.

ನೌಬಾದಿನಲ್ಲಿ ಸುರಂಗದ ಬಾಯಿಗೆ ಕಲ್ಲಿನ ಗೋಡೆ ಎಬ್ಬಿಸಿ ತಗಡಿನ ಬಾಗಿಲು ಇಟ್ಟಿದ್ದರು. ಅಲ್ಲಿ ಕಾವಲಿದ್ದ ಮಕ್ಬೂಲ ಎಂಬ ನಡುವಯಸ್ಸಿನವನು ಬಂದವರ ಕೈ ಮುಂದೆ ಮಾಡಿಸಿ ಉಗುರು ನೋಡುತ್ತಿದ್ದ. ಆಮ್ರಪಾಲಿಯ ಉಗುರು ಗುಲಾಬಿಯಾಗಿತ್ತು. ಕೌಸಲ್ಯಾಬಾಯಿಯದು ಬೆಳ್ಳಗಿತ್ತು. ಉಜ್ವಲಾಳ ಕೈ ಹಿಡಿದವನು ಮೆಲ್ಲಗೆ ಬಿಟ್ಟುಬಿಟ್ಟ.

"ಬಾಯಿ, ನಿಮಗ ಒಳಗ ಬಿಡ್ಲಿಕ್ಕೆ ಆಗಂಗಿಲ್ರಿ. ನೀರು ಬದುಕೋರಿಗೇ ಸಾಲವಲ್ದು."

"ನನಗ ಗೊತ್ತದ ರೀ. ನನ್ನ ಕೂಸಿಗಿ ಬಿಡ್ರಿ."

"ಒಂಟಿ ಕೂಸಿಗಿ ತಗೊಳ್ಳಂಗಿಲ್ರಿ. ಹಿಂದ ತಗೊಂಡಿದ್ವಿ... ನೋಡ್ಕೊಳ್ಳೋರಿಲ್ದೆ ಸತ್ತವು. ಅದರ ಜೋಡಿ ಮನಿ ಮಂದಿ ಯಾರರೆ ಬೇಕು."

ಉಜ್ವಲಾ ಅತ್ತೆಯ ಕಡೆ ತಿರುಗಿದಳು. ತನ್ನ ಪಾಲು ಒಂದು ಗುಟುಕೂ ಬಿಡದೆ ಕುಡಿದವಳು ಇವಳು. ಹತ್ತು ಜನರ ಮುಂದೆ ತನ್ನನ್ನು ಗಂಡನ್ನ ತಿಂದವಳು ಎಂದವಳು ಇವಳು. ಕುಡಿದಿದ್ದಕ್ಕೇ ಇವಳ ಉಗುರು ಬೆಳ್ಳಗೆ ಉಳಿದಿದೆ, ಉಳಿದಿದ್ದಕ್ಕೇ ಮಗಳಿಗೆ ಬಾಗಿಲು ತೆರೆಯುತ್ತಿದೆ... ಉಜ್ವಲಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೂದಿ ತುಂಬಿದ ನೆಲದ ಮೇಲೆ ಕೂತು ಅತ್ತೆಯ ಪಾದ ಹಿಡಿದಳು.

"ಅತ್ತಿ, ನನಗ ನೀವು ಏನರೆ ಅನ್ರಿ. ನಿಮ್ಮ ಮಗನಿಗಿ ನೀರು ಕೊಟ್ಟಾಕಿ ನಾನೇ. ಆದ್ರ ಇದು ಅವರ ಕೂಸು. ನಿಮ್ಮ ಕೈಯಾಗ ಕೊಡ್ತೀನಿ."

"ನನಗ ವಯಸ್ಸಾಗ್ಯಾದ. ಮಕ್ಕಳಿಗಿ ಸಂಬಾಳಿಸೋ ಶಕ್ತಿ ನನ್ನಾಗ ಇಲ್ಲ."

"ಆಕಿ ಕಾಡೋದಿಲ್ರಿ. ಮಲಗುವಾಗ ಕಿವಿ ತುದಿ ಸವರಿದ್ರ ನಿದ್ದಿ ಹತ್ತದ. ಕೆಮ್ಮು ಬಂದ್ರ ಬೆನ್ನು ತಿಕ್ಕಬೇಕು. ಒಮ್ಮಿ ಬೈದ್ರ ದಿನಪೂರ್ತಿ ಉಣ್ಣಂಗಿಲ್ಲ, ಭಾಳ ಬೈಬ್ಯಾಡ್ರಿ..."

ಕೌಸಲ್ಯಾಬಾಯಿ ಸೊಸೆಯನ್ನು ಎಬ್ಬಿಸಲಿಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ. ಕೊನೆಗೆ, "ಯಾವ ಕಿವಿ?" ಎಂದಳು.

"ಎಡಗಿವಿ ರೀ."

ಮುದುಕಿ ಮೊಮ್ಮಗಳ ರಟ್ಟೆ ಹಿಡಿದು ಎಳೆದಳು. ಮಗು ಚೀರಿತು. ಉಜ್ವಲಾ, "ನೀ ಮುಂದ ನಡಿ, ನಾ ಬರ್ತೇನಿ," ಎಂದು ಸುಳ್ಳು ಹೇಳಿದಳು. ಬಾಗಿಲು ಮುಚ್ಚಿತು.

ಹೊರಗಿನ ಬಯಲಿನಲ್ಲಿ, ಸುರಂಗಕ್ಕೆ ಗಾಳಿ ಬೆಳಕು ಹೋಗಲೆಂದು ಹಿಂದಿನವರು ತೋಡಿದ ಬಾವಿಯಂಥ ಕಿಂಡಿಗಳಿದ್ದವು. ಅವುಗಳ ಸುತ್ತ ಕಪ್ಪು ಉಗುರಿನವರು ಕೂತಿದ್ದರು. ಹಲಬರ್ಗಾದ ಕೇಶರಬಾಯಿ ಎಂಬಾಕೆ ಸರಿದು ಜಾಗ ಕೊಟ್ಟಳು.

"ಇಲ್ಲಿ ಕೂಡವ್ವ. ಒಳಗಿನ ಮಾತು ಇಲ್ಲಿ ಕೇಳಸ್ತದ. ನನ್ನ ಮಗ ಒಳಗಿದ್ದಾನ. ಕೂಗಿ ಕರೀಬ್ಯಾಡ ಮತ್ತ. ನಮ್ಮ ದನಿ ಕೇಳಿದ್ರ ಮಕ್ಕಳು ಹೊರಗ ಬರ್ತೀನಂತ ಹಟ ಹಿಡೀತಾವ."

ಉಜ್ವಲಾ ಕಿಂಡಿಯ ಅಂಚಿಗೆ ಮುಖ ಇಟ್ಟು ಮಲಗಿದಳು. ಕೆಳಗಿನಿಂದ ತಣ್ಣನೆ ಗಾಳಿ ಬಂತು, ನೀರಿನ ಸದ್ದು ಬಂತು, ಅದರ ನಡುವೆ ಮಗಳ ಅಳು ಬಂತು.

"ಆಯಿ, ಅವ್ವ ಯಾಕ ಬರವಲ್ಲಳು?"

ಉಜ್ವಲಾ ಕಿಂಡಿಯೊಳಕ್ಕೆ ಇನ್ನಷ್ಟು ಬಗ್ಗಿದಳು. ಈಗ ಮುದುಕಿ ಹೇಳುತ್ತಾಳೆ... ನಿಮ್ಮಪ್ಪನ್ನ ಕೊಂದಾಕಿ ಆಕಿ ಅಂತ ಹೇಳಿಯೇ ಹೇಳುತ್ತಾಳೆ. ಮಗು ಅದನ್ನೇ ಹೊತ್ತುಕೊಂಡು ಬೆಳೆಯುತ್ತದೆ.

ಕೌಸಲ್ಯಾಬಾಯಿಯ ಒರಟು ದನಿ ಕೇಳಿತು.

"ತನ್ನ ನೀರೆಲ್ಲ ನಿನಗ ಕುಡಿಸಿದಳು. ಅದಕ್ಕ ಬರಲಿಲ್ಲ. ಅಳಬ್ಯಾಡ, ಅತ್ತ್ರ ಆ ನೀರು ಹಾಳಾಗ್ತದ. ಇಲ್ಲಿ ಬಾ... ಮಲಗು."

ಅಳು ಸಣ್ಣದಾಗುತ್ತ ಹೋಗಿ ನಿಂತಿತು. ಉಜ್ವಲಾ ಸೆರಗನ್ನು ಬಾಯಿಗೆ ತುರುಕಿಕೊಂಡು, ಉಸಿರು ಹೊರಬೀಳದಂತೆ ಹಿಡಿದಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಕೂರಲು ನೋಡಿದಳು. ಕಾಲು ಏಳಲಿಲ್ಲ. ಅವಳು ಮತ್ತೆ ಪ್ರಯತ್ನಿಸಲೂ ಇಲ್ಲ.