ಹದಿನೇಳನೇ ನಂಬರಿನ ಮನೆಗೆ ನೀರಿಲ್ಲ

ಹನ್ನೊಂದನೇ ತಾರೀಖು, ಬೆಳಗ್ಗೆ 10.20. ಟೈಲರ್ ಹೆಂಗಸೊಬ್ಬಳು ಖಾಲಿ ಕ್ಯಾನ್ ಹಿಡಿದು ಠಾಣೆಗೆ ಬಂದು ಇನ್‌ಸ್ಪೆಕ್ಟರಿಗೆ ದೂರು ಕೊಟ್ಟಳು. ಹದಿನೇಳನೇ ನಂಬರಿನ ಅವಳ ಮನೆಗೆ ಇಪ್ಪತ್ತು ದಿನದಿಂದ ಟ್ಯಾಂಕರ್ ನೀರಿಲ್ಲ. ತಾಯಿ ಹಾಸಿಗೆ ಹಿಡಿದಿದ್ದಾಳೆ. ಪಕ್ಕದ ಮನೆಯವರು ಕೊಡುವ ಎರಡು ಚೊಂಬಿನಲ್ಲೇ ಎಲ್ಲವೂ ಆಗಬೇಕು.

"ಸಾಲದ್ದಕ್ಕೆ, ದಿನಾ ಬೆಳಗ್ಗೆ ಯಾರೋ ಬಾಗಿಲಲ್ಲಿ ಇಂಥ ಕ್ಯಾನ್ ತುಂಬ ನೀರು ಇಟ್ಟು ಹೋಗ್ತಾರೆ ಸಾರ್."

"ಕುಡೀಬಹುದಿತ್ತಲ್ಲಮ್ಮ?"

"ಏನು ಬೆರೆಸಿದಾರೋ ಯಾರಿಗೊತ್ತು! ಅಷ್ಟನ್ನೂ ಮೋರಿಗೆ ಸುರಿದೆ."

ಎಫ್‌ಐಆರ್ ಆಯಿತು. ಟ್ಯಾಂಕರ್ ಚಾಲಕ ಪಟ್ಟಿ ತೋರಿಸಿದ. ಸಮ ತಾರೀಖಿಗೆ ಸಮ ಸಂಖ್ಯೆಯ ಮನೆಗಳು, ಬೆಸ ತಾರೀಖಿಗೆ ಬೆಸ. "ಪಟ್ಟೀಲಿಲ್ಲ, ಕೊಡಲ್ಲ." ದೇವರು ಕೊಟ್ಟರೂ ಪೂಜಾರಿ ಕೊಡ! ನೀರಿನ ಕಚೇರಿಯ ಮೇಲಧಿಕಾರಿಯದು ಒಂದೇ ರಾಗ: "ಕಂಪ್ಯೂಟರ್ ತಪ್ಪು ಮಾಡಲ್ಲ." ಮೂರನೇ ಸಲ ಕೇಳುವಷ್ಟರಲ್ಲಿ ಇನ್‌ಸ್ಪೆಕ್ಟರಿಗೆ ತಲೆ ಚಿಟ್ಟು ಹಿಡಿಯಿತು.

ಮಧ್ಯಾಹ್ನ 3.10. ನೀರಿನ ಕಚೇರಿಯಲ್ಲೇ ಪಂಚರ ಸಮಕ್ಷಮ, ಕಂಪ್ಯೂಟರಿನಲ್ಲಿ ಪಟ್ಟಿ ತಯಾರಿಸುವ ಸೂಚನೆಗಳ ಸಾಲು, ಅಂದರೆ ಮ್ಯಾಕ್ರೋ, ತೆರೆಸಿ ಪಂಚನಾಮೆ. ಮಹಿಳಾ ಕಾನ್‌ಸ್ಟೇಬಲ್ ಓದಿದಳು.

"ಮನೆ ನಂಬರನ್ನ ಎರಡರಿಂದ ಭಾಗಿಸತ್ತೆ ಸಾರ್. ಶೇಷ ಸೊನ್ನೆ ಬಂದ್ರೆ ಸಮ, ಒಂದು ಬಂದ್ರೆ ಬೆಸ."

"ಅದು ಮೂರನೇ ಕ್ಲಾಸಿನ ಪಾಠ ಕಣಮ್ಮ. ಮುಂದೆ?"

"ಮೇಲಿನ ಸಾಲು ನೋಡಿ. ನಂಬರ್ ಹದಿನೇಳಾದ್ರೆ ಮೊದಲು ಆ ದಿನದ ತಾರೀಖು ಕೂಡಿಸು ಅಂತಿದೆ. ಇವತ್ತು ಹನ್ನೊಂದು, ಕೂಡಿದ್ರೆ ಇಪ್ಪತ್ತೆಂಟು, ಸಮ. ನಾಳೆ ಹನ್ನೆರಡು, ಕೂಡಿದ್ರೆ ಇಪ್ಪತ್ತೊಂಬತ್ತು, ಬೆಸ. ಬೆಸ ದಿನ ಸಮ ಆಗತ್ತೆ, ಸಮ ದಿನ ಬೆಸ. ತಲೆಕೆಳಗಾಗಿ ನಿಂತ್ರೂ ಆ ಮನೆ ಪಟ್ಟೀಗೆ ಬರಲ್ಲ."

ಆ ಸಾಲು ಬರೆಯಬಲ್ಲವನು ಹಿಂದಿನ ಕೋಣೆಯ ಆಪರೇಟರ್ ಒಬ್ಬನೇ. ದೂರುದಾರಳ ಕ್ಯಾನಿನ ಜೋಡಿ ಅವನ ಮೇಜಿನ ಕೆಳಗೇ ಸಿಕ್ಕಿತು.

"ಹದಿನೇಳು ಯಾರ ಮನೆ?"

"ನಮ್ಮಕ್ಕಂದು."

"ಒಡಹುಟ್ಟಿದವಳ ಮೇಲೆ ಇಷ್ಟು ಹಗೇನಾ?"

"ಮಾತು ಬಿಟ್ಟು ಎರಡು ವರ್ಷ ಸಾರ್. ಇಲ್ಲಿ ಕೆಲಸಕ್ಕಿದೀನಿ ಅಂತಾನೂ ಅವಳಿಗೆ ಗೊತ್ತಿಲ್ಲ. ಅಮ್ಮನ ಮುಖ ನೋಡೋಕೂ ಬಿಡಲ್ಲ. ನೀರಿಲ್ದೆ ಸಾಕಾದ್ರೆ ಅಮ್ಮನ್ನ ನನ್ ಮನೆಗೆ ಕಳಿಸ್ತಾಳೆ ಅಂದ್ಕೊಂಡೆ. ಅಲ್ಲೀವರೆಗೂ ಅಮ್ಮಂಗೆ ತೊಂದ್ರೆ ಆಗ್ಬಾರ್ದಲ್ಲ, ದಿನಾ ಒಂದ್ ಕ್ಯಾನ್ ಇಟ್ಟು ಬರ್ತಿದ್ದೆ." ಅವನು ತಲೆಯೆತ್ತಿದ. "ಅಮ್ಮ ಕುಡೀತಿದ್ರಾ ಸಾರ್?"

ಇನ್‌ಸ್ಪೆಕ್ಟರ್ ಮೇಜಿನ ಕೆಳಗಿನ ಕ್ಯಾನನ್ನು ಜಪ್ತಿ ಮಾಡಿಸಿದರು. ಸಂಜೆ 5.40ಕ್ಕೆ ಬಂಧನ. ಜೀಪಿನ ಹತ್ತಿರ ಕಾನ್‌ಸ್ಟೇಬಲ್ ಮೆಲ್ಲಗೆ ಕೇಳಿದಳು: "ಮೋರಿ ವಿಷ್ಯ ಅವನಿಗೆ ಹೇಳ್ಬೇಕಾ ಸಾರ್?"

"ನನ್ ಕೈಲಾಗಲ್ಲ. ಚಾರ್ಜ್‌ಶೀಟಲ್ಲಿ ಇರತ್ತೆ, ಓದ್ಕೊಳ್ಳಲಿ."