ಜಾಲಿಗೊಪ್ಪದ ಜಬಾಬು

ಹೊಡೆದದ್ದಕ್ಕೆ ಹವಾಲ್ದಾರ ತಿರಕಪ್ಪನಿಗೆ ಖೇದವಿರಲಿಲ್ಲ. ಹೊಡೆಸಿಕೊಂಡವನು ದೂರು ಕೊಟ್ಟನಲ್ಲ, ಅದು ಮಾತ್ರ ನುಂಗಲಾರದ ತುತ್ತಾಗಿತ್ತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನು ಎಷ್ಟು ಮಂದಿಗೆ ಕೈ ಹಚ್ಚಿದ್ದನೋ ಲೆಕ್ಕವಿಲ್ಲ. ಅವರಲ್ಲಿ ಒಬ್ಬರೂ ಅದನ್ನು ಕಾಗದಕ್ಕೆ ತಂದಿರಲಿಲ್ಲ. ಈಗ ಜಾಲಿಗೊಪ್ಪದ ಹನಮಪ್ಪ, ಎರಡು ಆಡು ಕಳೆದುಕೊಂಡ ಒಬ್ಬ ಕೂಲಿಯವ, ತಂದಿದ್ದ.

ನಡೆದದ್ದು ಇಷ್ಟು. ಆಡು ಕಳುವಾದ ಫಿರ್ಯಾದಿ ಬರೆದುಕೊಳ್ಳಿರೆಂದು ಹನಮಪ್ಪ ನಾಲ್ಕು ದಿನ ಠಾಣೆಗೆ ಅಲೆದ. ಐದನೆಯ ದಿನ, ಸಂತೆಗೆ ಬಂದ ಜನ ನಿಂತು ನೋಡುತ್ತಿರುವಾಗ, "ಬರಕೊಳ್ಳೂದು ನಿಮ್ಮ ಕೆಲಸ ಅಲ್ಲೇನ್ರಿ?" ಎಂದು ಕೇಳಿದ. ತಿರಕಪ್ಪ ಅವನನ್ನು ಒಳಗೆ ಎಳೆದು, ಬಲಗಿವಿಯ ಮೇಲೆ ಬಾರಿಸಿ, ಮರುದಿನದವರೆಗೆ ಕೂಡಿಹಾಕಿದ. ಬಿಡುವಾಗ, ಮುಂದೆ ಬೇಕಾದೀತೆಂದು, ಒಂದು ಖಾಲಿ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡ. ಹನಮಪ್ಪನ ಆ ಕಿವಿ ಮತ್ತೆ ಕೇಳಿಸಲಿಲ್ಲ.

ಹಿಂದಿನ ಕಾಲವಾಗಿದ್ದರೆ ಸಂಗತಿ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಎಂಬತ್ತಾರನೆಯ ಇಸವಿಯಲ್ಲಿ ಹೊಸದಾಗಿ ಬಂದ ಡಿವೈಎಸ್ಪಿ ಸಾಹೇಬರಿಗೆ ಒಂದು ವಿಚಾರ ಹೊಳೆದಿತ್ತು. ಪೊಲೀಸರ ಮೇಲಿನ ದೂರನ್ನು ಪೊಲೀಸರೇ ಕೇಳಿದರೆ ಯಾರು ನಂಬುತ್ತಾರೆ? ಊರವರು ಕೇಳಲಿ, ನಾನು ಬಾಜೂ ಕೂಡುತ್ತೇನೆ ಎಂದು ಒಂದು ನಾಗರಿಕ ಸಮಿತಿ ಮಾಡಿದರು. ನಿವೃತ್ತ ಹೆಡ್‌ಮಾಸ್ತರ ಶಿದ್ಲಿಂಗಪ್ಪ ಅದಕ್ಕೆ ಹಿರಿಯರು. ಹಳ್ಳಿ ಹಳ್ಳಿ ತಿರುಗಿ ಹೆರಿಗೆ ಮಾಡಿಸುವ ಸರಕಾರಿ ನರ್ಸ್ ರಹೀಮಾಬಿ ಅವರ ಜೊತೆಗೆ. ಹನಮಪ್ಪನ ದೂರನ್ನು ಅವನ ಹೆಂಡತಿ ಫಕೀರವ್ವ ರವಿವಾರ ಮಾಸ್ತರರ ಕೈಗೆ ಮುಟ್ಟಿಸಿದಳು. ವಿಚಾರಣೆ ಶನಿವಾರಕ್ಕೆ ಗೊತ್ತಾಯಿತು. ತಿರಕಪ್ಪನಿಗೆ ಜಮಾದಾರನಾಗಿ ಬಡ್ತಿ ಕೊಡುವ ಕಾಗದ ಸಾಹೇಬರ ಸಹಿಗಾಗಿ ಕಾದಿತ್ತು. ಸಮಿತಿ ಈ ದೂರನ್ನು ಖರೆ ಎಂದರೆ ಬಡ್ತಿ ಅಷ್ಟೇ ಅಲ್ಲ, ಮೈಮೇಲಿನ ಖಾಕಿಯೂ ಇಳಿಯುತ್ತಿತ್ತು.

ಅವನು ಗಾಬರಿಯಾಗಲಿಲ್ಲ. ದೂರು ಕೊಟ್ಟವನನ್ನು ಹೆದರಿಸುವುದು ಹೊಸಬರ ಕೆಲಸ. ಹೆದರಿದವನು ಎಲ್ಲಿಯಾದರೂ ಹೋಗಿ ಬಾಯಿ ಬಿಡುತ್ತಾನೆ. ಕಾಗದ ಹಾಗಲ್ಲ, ಅದು ಬರೆದಷ್ಟೇ ಹೇಳುತ್ತದೆ. ಮತ್ತು ಬರೆಯುವುದರಲ್ಲಿ ತಿರಕಪ್ಪನನ್ನು ಮೀರಿಸುವವರು ಆ ಠಾಣೆಯಲ್ಲಿ ಯಾರೂ ಇರಲಿಲ್ಲ.

ಗುರುವಾರ ಮುಂಜಾನೆ ಪೂಜೆ ಮುಗಿಸಿ, ಹಣೆಗೆ ಮೂರು ಬೆರಳ ವಿಭೂತಿ ಎಳೆದುಕೊಂಡು, ಅದೇ ಶಾಂತ ಮನಸ್ಸಿನಿಂದ ಬಂದು ಮೇಜಿಗೆ ಕೂತ. ಹೆಬ್ಬೆಟ್ಟಿದ್ದ ಹಾಳೆಯನ್ನು ಎದುರಿಗೆ ಹಾಸಿದ. ಅದರ ಮೇಲೆ ಏರಬೇಕಾದದ್ದು ಹನಮಪ್ಪನ ಜಬಾಬು, ಅಂದರೆ ಅವನದೇ ಹೇಳಿಕೆ: ಕಿವಿ ಮೊದಲಿನಿಂದಲೂ ಮಂದ, ಆಡು ಹೋದ ಸಿಟ್ಟಿಗೆ ಯಾರದೋ ಮಾತು ಕೇಳಿ ದೂರು ಕೊಟ್ಟೆ, ಈಗ ಸ್ವಖುಷಿಯಿಂದ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಸಾಕ್ಷಿಗೆ ಪಂಚರು ಬೇಡವೆಂದುಕೊಂಡ. ಪಂಚರಿಗೂ ಬಾಯಿ ಇರುತ್ತದೆ.

ಇನ್ನು ತಾರೀಖು. ದೂರು ಕೊಟ್ಟ ಮೇಲಿನದಾಗಿರಬೇಕು, ವಿಚಾರಣೆಗೆ ಮೊದಲಿನದಾಗಿರಬೇಕು. ಠಾಣೆಯ ದಿನಚರಿ ತೆಗೆದು ನೋಡಿದರೆ ದೇವರೇ ಬರೆಸಿಟ್ಟಂತೆ ಮಂಗಳವಾರದ ಸಾಲು ಸಿಕ್ಕಿತು: ಹವಾಲ್ದಾರ ತಿರಕಪ್ಪ, ಜಾಲಿಗೊಪ್ಪ ಗಸ್ತು, ಮುಂಜಾನೆ ಎಂಟರಿಂದ ಮಧ್ಯಾಹ್ನ ಎರಡು. ಅವನದೇ ಅಕ್ಷರ. ಆ ದಿನ ಅವನು ನವಲಗುಂದದ ಬಸ್ಸಿನಿಂದ ಜಾಲಿಗೊಪ್ಪದ ಕ್ರಾಸಿನಲ್ಲಿ ಇಳಿದದ್ದು ನಿಜ. ಅಲ್ಲಿಂದ ಊರಿಗೆ ಎರಡು ಮೈಲು ಎರೆಮಣ್ಣಿನ ದಾರಿ, ಬಿಸಿಲು ಬೇರೆ. ಕ್ರಾಸಿನ ಅಂಗಡಿಯಲ್ಲಿ ಮಿರ್ಚಿ ಮಂಡಕ್ಕಿ ತಿಂದು, ಹತ್ತಿ ಗಿರಣಿಯ ನೆರಳಿಗೆ ಮೈ ಚಾಚಿ, ಎರಡಕ್ಕೆ ಬರುವ ಬಸ್ಸು ಹಿಡಿದು ಹೊರಳಿ ಬಂದಿದ್ದ. ಹತ್ತು ತಿಂಗಳಿನಿಂದ ಅವನ ಜಾಲಿಗೊಪ್ಪದ ಗಸ್ತು ಎಂದರೆ ಇದೇ.

ಊರವರು, ಹವಾಲ್ದಾರ ಬಂದದ್ದನ್ನು ನಾವು ನೋಡಲಿಲ್ಲ ಎಂದಾರು. ಅನ್ನಲಿ. ಕಂಡೆ ಎಂಬವನು ಸಾಕ್ಷಿ. ಕಾಣಲಿಲ್ಲ ಎಂಬವನು ಯಾವ ಸಾಕ್ಷಿ? ಆದರೂ ಎದ್ದುಹೋಗಿ ಗೋಡೆಯ ಮೇಲಿನ ಪಂಚಾಂಗ ನೋಡಿದ. ಮಂಗಳವಾರ ಅಮಾವಾಸ್ಯೆಯಲ್ಲ, ಹಬ್ಬವಲ್ಲ. ಎಲ್ಲೂ ಸಂತೆಯಿಲ್ಲ. ಹೆಣ್ಣುಮಕ್ಕಳು ಅಡಿಗೆಗೆ ಕೂತಿರುವ, ಗಂಡಸರು ಇನ್ನೂ ಮನೆ ಬಿಡದಿರುವ ಸಾದಾ ಮುಂಜಾನೆ.

ಸುಳ್ಳು ಕಾಗದಕ್ಕೆ ಜೀವ ತುಂಬುವುದು ಸಣ್ಣ ಸಣ್ಣ ಸಂಗತಿಗಳೆಂದು ಅವನು ಬಲ್ಲ. ಅದಕ್ಕೇ ಹನಮಪ್ಪನನ್ನು ಅವನ ಮನೆಯ ಕಟ್ಟೆಯ ಮೇಲೆ ಕೂಡಿಸಿದ. ಫಕೀರವ್ವನನ್ನು ಒಲೆಯ ಮುಂದೆ ಕೂಡಿಸಿ ರೊಟ್ಟಿ ಬಡಿಯಲು ಹಚ್ಚಿದ. ಓಣಿಯಲ್ಲಿ ನೆರೆಯವಳೊಬ್ಬಳನ್ನು ನೀರಿನ ಕೊಡ ಹೊರಿಸಿ ಒಂದು ಸಲ ದಾಟಿಸಿದ. ಎಲ್ಲ ಹೆಬ್ಬೆಟ್ಟಿನ ಮೇಲಂಚಿಗೆ ಸರಿಯಾಗಿ ಬಂದು ನಿಂತಿತು. ಓದಿ ನೋಡಿದಾಗ, ಹನಮಪ್ಪ ಒಳ್ಳೆಯ ಮನುಷ್ಯನೆಂದು ತಿರಕಪ್ಪನಿಗೇ ಅನಿಸಿತು.

ಶನಿವಾರ ಕನ್ಯಾಶಾಲೆಯ ಕೋಣೆಯಲ್ಲಿ ಸಮಿತಿ ಕೂತಿತು. ಸಾಹೇಬರೂ ಬಂದಿದ್ದರು. ತಿರಕಪ್ಪ ಜಬಾಬನ್ನು ರಾಗವಾಗಿ ಓದಿದ. ಹೆಬ್ಬೆಟ್ಟು ತನ್ನದೇ, ಆದರೆ ಒತ್ತಿದ್ದು ಠಾಣೆಯಲ್ಲಿ, ಖಾಲಿ ಹಾಳೆಗೆ ಎಂದು ಹನಮಪ್ಪ ಹೇಳಿದ. ಇಂಥ ಮಾತು ಬರುತ್ತದೆಂದು ತಿರಕಪ್ಪನಿಗೆ ಗೊತ್ತಿತ್ತು. ದಿನಚರಿ ತೆಗೆದು ಮಂಗಳವಾರದ ಸಾಲಿನ ಮೇಲೆ ಬೆರಳಿಟ್ಟ. ಸಾಹೇಬರು ಬಗ್ಗಿ ನೋಡಿ ತಲೆಯಾಡಿಸಿದರು.

ರಹೀಮಾಬಿ ಸೆರಗು ಸರಿಮಾಡಿಕೊಂಡು ಕೇಳಿದಳು. "ಹವಾಲ್ದಾರ್ರ, ಫಕೀರವ್ವ ರೊಟ್ಟಿ ಬಡಿಯೂದನ್ನ ನೀವ ಕಣ್ಣಾರೆ ನೋಡಿದ್ರೇನು?"

"ನೋಡೂದೇನ್ರಿ ಬಾಯಾರ, ಒಂದ್ ರೊಟ್ಟಿ ತಿಂದ ಬಂದೀನಿ. ಅಗದಿ ಬಿಸೀದು. ಮ್ಯಾಲೆ ಪುಂಡಿಪಲ್ಯ ಹಾಕಿ ಕೊಟ್ಟಳು."

ಅದು ಬರೆದದ್ದರಲ್ಲಿ ಇರಲಿಲ್ಲ. ಮಾತಿನ ಚಂದಕ್ಕೆ ಬಾಯಿಗೆ ಬಂದದ್ದು. ಠಾಣೆಯವನು ಬಡವರ ಮನೆಯ ರೊಟ್ಟಿ ತಿಂದನೆಂಬುದು ಸಾಹೇಬರಿಗೆ ಹಿಡಿಸಿದಂತೆಯೂ ಕಂಡಿತು. ಹನಮಪ್ಪ ಎಡಗಿವಿಯನ್ನು ಹೆಂಡತಿಯ ಕಡೆ ಒಡ್ಡಿದ, ಅವಳು ಪಿಸುಗುಟ್ಟಿದಳು. ಅವನು ತಿರಕಪ್ಪನನ್ನೇ ನೋಡಿದ.

"ಮಾಸ್ತರ, ನನಗ ಒಂದ ಕಿವಿ ಐತ್ರಿ. ಮತ್ತೊಮ್ಮಿ ಕೇಳ್ರಿ, ಮಂಗಳವಾರ ಅಂದ್ರ?"

ಮಂಗಳವಾರವೇ ಎಂದು ತಿರಕಪ್ಪ ಗಟ್ಟಿಯಾಗಿ ಹೇಳಿದ. ಹಾಗಾದರೆ ಇಷ್ಟನ್ನೂ, ರೊಟ್ಟಿಯ ಸಮೇತ, ಬರೆದು ಸಹಿ ಮಾಡಿಕೊಡಿರೆಂದು ಮಾಸ್ತರರು ಹಾಳೆ ಸರಿಸಿದರು. ಅವನು ಮುತ್ತಿನಂಥ ಅಕ್ಷರಗಳಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು, ಸಹಿ ಮಾಡಿದ. ಬಡ್ತಿಯ ಕಾಗದಕ್ಕೂ ಸಾಹೇಬರು ಇದೇ ಪೆನ್ನು ಕೇಳಿದರೆ ಕೊಡಬಹುದೆಂದು ಅವನಿಗೆ ಅನಿಸಿತು.

ಮಾಸ್ತರರು ಮಸಿ ಆರುವತನಕ ಕಾದರು. ಆಮೇಲೆ ಸಾಹೇಬರ ಕಡೆ ತಿರುಗಿ ಮೆತ್ತಗೆ ತಿಳಿಸಿದರು: ಆ ಮಂಗಳವಾರ ಜಾಲಿಗೊಪ್ಪ ಹೊರಬೀಡು ಹೋಗಿತ್ತು. ಊರಿಗೆ ಬೇನೆ ಬಾರದಿರಲೆಂದು ಗ್ರಾಮದೇವತೆ ದ್ಯಾಮವ್ವನ ಹೆಸರಿನಲ್ಲಿ ಹಿರಿಯರು ಕೂಡಿ ಗೊತ್ತುಮಾಡಿ, ಹಿಂದಿನ ದಿನ ಡಂಗುರ ಸಾರಿಸುವ ದಿನ ಅದು. ಯಾವ ಪಂಚಾಂಗದಲ್ಲೂ ಇರುವುದಿಲ್ಲ. ಹೊತ್ತು ಮೂಡುವ ಮೊದಲೇ ಮನೆಮನೆಯ ಒಲೆ ಆರಿಸಿ, ಮುದುಕರು, ಕೂಸುಗಳು, ದನಕರು, ನಾಯಿ ಸಮೇತ ಊರೆಲ್ಲ ಹೊಲ ಸೇರಿತ್ತು. ಸಂಜೆಯತನಕ ಒಳಗೆ ಒಂದು ನರಪಿಳ್ಳೆ ಇರಲಿಲ್ಲ. ರಹೀಮಾಬಿ ಅಂದು ಮಧ್ಯಾಹ್ನ ಅದೇ ಹೊಲದಲ್ಲಿ, ಬಂಡಿಯ ನೆರಳಿನಲ್ಲಿ, ಒಂದು ಹೆರಿಗೆ ಮಾಡಿಸಿದ್ದಳು. ಅವಳು ತಿರಕಪ್ಪನ ಕಡೆ ನೋಡಿ, "ಅವತ್ತೊಂದಿನ ಖರೇನ ಗಸ್ತಿಗೆ ಬಂದಿದ್ರ, ಹವಾಲ್ದಾರ್ರ, ಊರ ಅಗಸಿಬಾಗಲಾ ಮುಚ್ಚಿ ಬಡದಿದ್ದ ಜಾಲಿಮುಳ್ಳು ನಿಮಗೂ ಕಾಣತಿತ್ತು" ಎಂದಳು.