ಏಣಿ ಎಳೆದುಕೊಂಡ ಸದ್ದು

ನ್ಯೂರೆಂಬರ್ಗ್‌ನ ಸಣ್ಣ ಕಚೇರಿಯೊಂದರಲ್ಲಿ ಧ್ವನಿಮುದ್ರಣಗಳ ಗದ್ದಲ ತೆಗೆಯುವುದು ನನ್ನ ಕೆಲಸ. ಕಳೆದ ಮಾರ್ಚ್‌ನಲ್ಲಿ ಪಪುವಾದ ಕಾಡಿನ ಹಾಡಿಯೊಂದರಿಂದ ಮುದ್ರಣ ಬಂತು. ಮಕ್ಕಳಿಗೆ ಬಂದ ಜ್ವರದ ಬಗ್ಗೆ ಅಲ್ಲಿನ ಹೆಂಗಸರು ಆರೋಗ್ಯ ಕಾರ್ಯಕರ್ತೆಗೆ ಹೇಳಿದ್ದರು. ಅದು ಅನುವಾದಕ್ಕೆ ಹೋದರಷ್ಟೇ ಔಷಧಿಯ ದೋಣಿ ಹೊರಡುತ್ತಿತ್ತು. ಹೊರಗಿನವರು ಬಂದರೆ ಹಾಡಿಯವರು ತಮ್ಮ ಎತ್ತರದ ಮನೆಗಳ ಮರದ ಏಣಿಯನ್ನು ಮೇಲೆಳೆದುಕೊಳ್ಳುತ್ತಾರೆ ಎಂದೂ ಕಾರ್ಯಕರ್ತೆ ನಮಗೆ ತಿಳಿಸಿದ್ದರು.

ನಾನು ಹೆಡ್‌ಫೋನ್ ಹಾಕಿದ ಕೂಡಲೇ ಹೆಂಗಸರ ಮಾತು ನಿಂತಿತು. ಮರ ಉಜ್ಜಿದ ಸದ್ದು, ಆಮೇಲೆ ಹತ್ತಿರದಲ್ಲೇ ಯಾರದೋ ಉಸಿರು. ಕಚೇರಿ ತಣ್ಣಗಿದ್ದರೂ ಕಿವಿಗೆ ಬಿಸಿ ತಾಗಿತು. ಮತ್ತೆ ಹಾಕಿ ಕೇಳಿದಾಗಲೂ ಅಷ್ಟೇ.

ಹೆಡ್‌ಫೋನನ್ನು ಸಹೋದ್ಯೋಗಿ ಸ್ಮಿತಾಗೆ ಕೊಟ್ಟು ದೂರ ನಿಂತೆ.

"ಚೆನ್ನಾಗೇ ಮಾತಾಡ್ತಿದಾರಲ್ಲ ಸರ್! ನಿಮ್ ಕಿವಿಗೇ ಡಾಕ್ಟರ್ ಹತ್ರ ಟೆರ್ಮೀನ್ ತಗೋಬೇಕು," ಎಂದು ನಕ್ಕಳು. ಭೇಟಿಗೆ ಗೊತ್ತುಮಾಡಿದ ಸಮಯಕ್ಕೆ ಇಲ್ಲಿ ಟೆರ್ಮೀನ್ ಎನ್ನುತ್ತಾರೆ.

ನಾನು ಅವಳ ಕುರ್ಚಿಯ ಬಳಿ ಹೋದೆ. ನಗು ನಿಂತಿತು.

"ಹತ್ರ ಬರ್ಬೇಡಿ ಸರ್. ಏಣಿ ಎಳ್ಕೊಂಡ್ರು."

ಆ ಮಧ್ಯಾಹ್ನವೇ ಅವಳು ಕೆಲಸ ಮುಗಿಸಿ ಅನುವಾದಕ್ಕೆ ಕಳಿಸಿದಳು, ಆಮೇಲೆ ದೋಣಿಯೂ ಹೊರಟಿತು. ಅವಳು ಮುಗಿಸುವವರೆಗೆ ನಾನು ಬೀದಿಯಲ್ಲಿ ನಿಂತಿದ್ದೆ. ನಡುವೆ ಒಮ್ಮೆ ಕೋಟು ತರಲೆಂದು ಕೆಳಗಿನ ಬಾಗಿಲನ್ನು ಸದ್ದಿಲ್ಲದೆ ತೆರೆದೆ. ನಾನು ಕಾಣದಿದ್ದರೂ ಮೇಲಿನ ಮಹಡಿಯ ಕಚೇರಿಯಿಂದ ಸ್ಮಿತಾ ಕೂಗಿದಳು:

"ಹೊರಗೇ ಇರಿ ಸರ್!"